ಬಿಸಿಲು ನಾಡಿನ ಹವಳಕ್ಕೆ ಎಷ್ಟು ಬೆಳಕು ಬೇಕು?

ಯಾದಗಿರಿ, ಶಹಾಪುರ, ಸುರಪುರದ ಕಡೆ ಯಾರಾದರೂ ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು ಹವಳ ಬೆಳೆಸಲು ಹೊರಟರೆ ಅವರಿಗೆ ಸಿಗುವ ಮೊದಲ ಸಲಹೆ ದೀಪದ್ದು. ಹವಳ ಬೆಳಕಿನಿಂದಲೇ ಬದುಕುತ್ತದೆ, ಆದ್ದರಿಂದ ಕೈಗೆಟುಕಿದಷ್ಟು ಪ್ರಖರ ದೀಪ ಹಾಕಿ ಎನ್ನುತ್ತಾರೆ. ಹವಳ ಬೆಳಕಿನಿಂದ ಬದುಕುತ್ತದೆ ಎಂಬುದು ನಿಜ. ಆದರೆ ‘ಆದ್ದರಿಂದ’ ಎಂದು ಮುಂದೆ ಹೇಳುವ ಮಾತು ಈ ಸೀಮೆಗೆ ಹೊಂದುವುದಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ಊರಿನಲ್ಲಿ ನೀರನ್ನು 26-27 ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕಾದವರಿಗೆ ದೀಪವೆಂದರೆ ಬೆಳಕಿನ ಮೂಲವಷ್ಟೇ ಅಲ್ಲ, ನೀರಿಗೆ ಶಾಖ ಸುರಿಯುವ ಒಲೆಯೂ ಹೌದು. ಇಲ್ಲಿ ದೀಪವನ್ನು ಆರಿಸುವಾಗ ಅದು ಎಷ್ಟು ಬೆಳಗುತ್ತದೆ ಎಂದು ಕೇಳುವುದಕ್ಕಿಂತ ಮೊದಲು, ಈ ಹವಳಕ್ಕೆ ಕನಿಷ್ಠ ಎಷ್ಟು ಬೆಳಕು ಸಾಕು ಎಂದು ಕೇಳಬೇಕು. ಹಾಗೆ ಕೇಳಿದರೆ ಬರುವ ಉತ್ತರ ಅಂಗಡಿಯವರು ಹೇಳುವುದಕ್ಕಿಂತ ಬಹಳ ಕಡಿಮೆ. ಅಷ್ಟು ಬೆಳಕನ್ನು ಸರಿಯಾಗಿ ಆರಿಸಿದ ಮೂರು ತೆಳು ಟ್ಯೂಬ್‌ಲೈಟ್‌ಗಳೇ ಕೊಡಬಲ್ಲವು ಎಂಬುದು ಈ ಲೇಖನದ ವಾದ.

ಮೊದಲು ಹವಳದ ಹೊಟ್ಟೆಪಾಡು ನೋಡೋಣ. ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಲೋಳೆಮೀನಿನ ಬಳಗಕ್ಕೆ ಸೇರಿದ ಸಣ್ಣ ಪ್ರಾಣಿ. ಅದರ ಅಂಗಾಂಶದ ಕೋಶಗಳೊಳಗೆ ಜೂಝಾಂತೆಲ್ಲೆ ಎಂಬ ಏಕಕೋಶ ಪಾಚಿ ಮನೆ ಮಾಡಿರುತ್ತದೆ. ಪಾಚಿ ಬೆಳಕು ಹಿಡಿದು ಸಕ್ಕರೆ ಮಾಡುತ್ತದೆ, ಅದರಲ್ಲಿ ಹೆಚ್ಚಿನ ಪಾಲನ್ನು ಹವಳಕ್ಕೆ ಬಿಟ್ಟುಕೊಡುತ್ತದೆ. ಹವಳ ಅದಕ್ಕೆ ಪ್ರತಿಯಾಗಿ ಇಂಗಾಲದ ಡೈಆಕ್ಸೈಡ್, ಸಾರಜನಕದ ತ್ಯಾಜ್ಯ ಮತ್ತು ಸುರಕ್ಷಿತ ನೆಲೆ ಕೊಡುತ್ತದೆ. ಆದ್ದರಿಂದ ದೀಪದ ಆಯ್ಕೆ ಎಂದರೆ ವಾಸ್ತವದಲ್ಲಿ ಈ ಪಾಚಿಗೆ ಊಟದ ಆಯ್ಕೆ. ಪಾಚಿಯಲ್ಲಿ ಹರಿತ್ತಿನ ಜೊತೆಗೆ ಪೆರಿಡಿನಿನ್ ಎಂಬ ವರ್ಣದ್ರವ್ಯವಿದೆ. ಎರಡೂ ಸೇರಿ ನೇರಳೆ, ನೀಲಿ ಬೆಳಕನ್ನು, ಅಂದಾಜು 420ರಿಂದ 500 ನ್ಯಾನೋಮೀಟರ್ ತರಂಗದ ಬೆಳಕನ್ನು ಅತಿ ಚೆನ್ನಾಗಿ ಹೀರುತ್ತವೆ. ಇದಕ್ಕೆ ಕಾರಣ ಕಡಲಲ್ಲೇ ಇದೆ. ಸೂರ್ಯನ ಬೆಳಕು ನೀರಿಗಿಳಿದಂತೆ ಕೆಂಪು ಮೊದಲ ಕೆಲವೇ ಮೀಟರುಗಳಲ್ಲಿ ಬಹುಪಾಲು ಕರಗಿಹೋಗುತ್ತದೆ, ನೀಲಿ ಮಾತ್ರ ಆಳಕ್ಕೆ ಇಳಿಯುತ್ತದೆ. ಲಕ್ಷದ್ವೀಪದ ತಿಳಿನೀರಿನಲ್ಲಿರಲಿ, ಮುರುಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪದ ಸುತ್ತಲಿರಲಿ, ಹವಳ ಬದುಕಲು ಕಲಿತದ್ದು ಈ ನೀಲಿಯಲ್ಲೇ.

ನಮ್ಮ ಮನೆಯ ಟ್ಯೂಬ್‌ಲೈಟ್ ತಯಾರಾದದ್ದು ಪಾಚಿಗಾಗಿ ಅಲ್ಲ, ನಮ್ಮ ಕಣ್ಣಿಗಾಗಿ. ಗಾಜಿನ ಕೊಳವೆಯೊಳಗೆ ಚೂರೇ ಚೂರು ಪಾದರಸದ ಆವಿ ಇರುತ್ತದೆ. ವಿದ್ಯುತ್ ಹರಿದಾಗ ಅದು ಮುಖ್ಯವಾಗಿ 254 ನ್ಯಾನೋಮೀಟರಿನ ಅತಿನೇರಳೆ ಕಿರಣ ಹೊಮ್ಮಿಸುತ್ತದೆ. ಕೊಳವೆಯ ಒಳಗೋಡೆಗೆ ಬಳಿದ ಬಿಳಿ ಪುಡಿ, ಅಂದರೆ ಫಾಸ್ಫರ್, ಆ ಕಿರಣವನ್ನು ನುಂಗಿ ಕಾಣುವ ಬೆಳಕನ್ನು ಉಗುಳುತ್ತದೆ. ಯಾವ ಬಣ್ಣ ಬರಬೇಕು ಎಂಬುದನ್ನು ಈ ಪುಡಿಯೇ ತೀರ್ಮಾನಿಸುತ್ತದೆ. ಟ್ಯೂಬ್‌ಲೈಟಿನ ದೊಡ್ಡ ಗುಣ ಇದೇ: ಪುಡಿ ಬದಲಿಸಿದರೆ ಅದೇ ಕೊಳವೆ ಬೇರೆ ಬೆಳಕಾಗುತ್ತದೆ. ಮನೆಗೆ ಮಾಡಿದ ಕೊಳವೆಯ ಪುಡಿ ಹಸಿರು-ಹಳದಿಯತ್ತ ವಾಲುತ್ತದೆ, ಏಕೆಂದರೆ ಮನುಷ್ಯನ ಕಣ್ಣು ಅತಿ ಚುರುಕಾಗಿರುವುದು 555 ನ್ಯಾನೋಮೀಟರಿನ ಹಸಿರಿಗೆ. ಪೆಟ್ಟಿಗೆಯ ಮೇಲೆ ಬರೆದ ಲೂಮೆನ್, ಮೊಬೈಲ್ ಫೋನಿನ ಆ್ಯಪು ತೋರಿಸುವ ಲಕ್ಸ್, ಎರಡೂ ಈ ಕಣ್ಣಿನ ತಕ್ಕಡಿಯಲ್ಲಿ ತೂಗಿದ ಅಂಕಿಗಳು. ಅದೇ ತಕ್ಕಡಿಯಲ್ಲಿ ಹವಳಕ್ಕೆ ಹೇಳಿಮಾಡಿಸಿದ ನೀಲಿ ಕೊಳವೆ ಮಂಕಾಗಿ ಕಾಣುತ್ತದೆ. ಹೀಗಾಗಿ ಲೂಮೆನ್ ನೋಡಿ ಕೊಂಡವರು ಹಣ ಕೊಟ್ಟು ಹಸಿರು ಬೆಳಕು ಕೊಂಡಿರುತ್ತಾರೆ. ಪಾಚಿಯ ಲೆಕ್ಕಕ್ಕೆ ಬರುವುದು ಪಾರ್ ಎಂಬ ಅಳತೆ: ಒಂದು ಚದರ ಮೀಟರಿನ ಮೇಲೆ ಪ್ರತಿ ಸೆಕೆಂಡಿಗೆ ಬೀಳುವ, ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಕಣಗಳ ಲೆಕ್ಕ. ಇದನ್ನು ಮೈಕ್ರೊಮೋಲ್‌ಗಳಲ್ಲಿ ಹೇಳುತ್ತಾರೆ. ನಡುಮಧ್ಯಾಹ್ನದ ಉಷ್ಣವಲಯದ ಬಿಸಿಲು ಸುಮಾರು 2000 ಇರುತ್ತದೆ.

ಯಾವ ಹವಳಕ್ಕೆ ಎಷ್ಟು ಪಾರ್ ಬೇಕು ಎಂಬಲ್ಲಿಗೆ ಬಂದಾಗ ಮೊದಲು ಅಡ್ಡ ನಿಲ್ಲುವುದು ಕಾನೂನು. ಅಂಗಡಿಯ ಮಾತಿನಲ್ಲಿ ಇದು ಬಹಳ ಸಲ ಕೇಳಿಬರುವುದೇ ಇಲ್ಲ. 2001ರಲ್ಲಿ ಭಾರತ ಸರ್ಕಾರ ಬಂಡೆ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ ಅವುಗಳ ಜೊತೆಗೆ ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ ಸೇರಿಸಿತು. 2022ರ ತಿದ್ದುಪಡಿಯಲ್ಲೂ ಅವು ಅದೇ ಪಟ್ಟಿಯಲ್ಲಿ ಉಳಿದಿವೆ. ಕಾನೂನಿನ ಕಣ್ಣಲ್ಲಿ ಕೊಂಬೆಹವಳದ ಒಂದು ಚೂರು ಹುಲಿಯ ಸಾಲಿನಲ್ಲೇ ನಿಲ್ಲುತ್ತದೆ. ಅಪರಾಧ ಸಾಬೀತಾದರೆ 3ರಿಂದ 7 ವರ್ಷದವರೆಗೆ ಸೆರೆವಾಸವಿದೆ. ಸತ್ತ ಹವಳದ ಅಸ್ಥಿಪಂಜರವೇ ಆಗಿರುವ, ‘ಲೈವ್ ರಾಕ್’ ಎಂದು ಮಾರುವ ಕಲ್ಲಿಗೂ ಈ ನೆರಳು ತಾಗುತ್ತದೆ. ಇದು ಸರಿಯಾದ ಕಾನೂನು ಎಂದೇ ನಾನು ನಂಬಿದ್ದೇನೆ. ಭಾರತದ ದೊಡ್ಡ ಹವಳ ದಿಬ್ಬಗಳು ಇರುವುದೇ ನಾಲ್ಕು ಕಡೆ: ಕಚ್ಛ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್-ನಿಕೋಬಾರ್. ಇವುಗಳಿಂದ ಮುರಿದು ತಂದದ್ದು ಯಾರ ಮನೆಯ ತೊಟ್ಟಿಯಲ್ಲಿ ಎಷ್ಟೇ ಚೆನ್ನಾಗಿ ಬೆಳೆದರೂ ಅಲ್ಲಿ ಆದ ನಷ್ಟ ತುಂಬುವುದಿಲ್ಲ. ಮನೆಯ ತೊಟ್ಟಿಗೆ ಉಳಿಯುವುದು ಈ ಪಟ್ಟಿಯಲ್ಲಿಲ್ಲದ ಮೆದುಹವಳಗಳು: ಚರ್ಮದಂತೆ ದಪ್ಪಗಿರುವ ಸಾರ್ಕೊಫೈಟನ್, ಕೈ ಮುಚ್ಚಿ ಬಿಚ್ಚಿದಂತೆ ಮಿಡಿಯುವ ಝೀನಿಯ, ಗುಂಡಿಯಂತೆ ಹರಡುವ ಝೋಆಂಥಿಡ್, ಕಲ್ಲಿನ ಅಸ್ಥಿಪಂಜರವಿಲ್ಲದ ಬಗೆಯ ಅಣಬೆ ಹವಳ. ಇವನ್ನೂ ಕಡಲಿನಿಂದ ಕಿತ್ತು ತಂದವರಿಂದ ಕೊಳ್ಳಬಾರದು. ತೊಟ್ಟಿಯಲ್ಲೇ ಬೆಳೆಸಿ ತುಂಡು ಮಾಡಿ ಕೊಡುವವರಿಂದ, ಬಿಲ್ಲು ಪಡೆದು, ತರಬೇಕು.

ಈ ಕಾನೂನು ದೀಪದ ಲೆಕ್ಕವನ್ನೇ ಬದಲಿಸಿಬಿಡುತ್ತದೆ. 250 ಅಥವಾ 400 ವ್ಯಾಟಿನ ಮೆಟಲ್ ಹ್ಯಾಲೈಡ್ ದೀಪ ಹಾಕಬೇಕು, ಪಾರ್ 300 ದಾಟಬೇಕು ಎಂಬ ಸಲಹೆಗಳೆಲ್ಲ ಹುಟ್ಟಿದ್ದು ಕೊಂಬೆಕೊಂಬೆಯಾಗಿ ಬೆಳೆಯುವ ಅಕ್ರೊಪೋರದಂಥ ಕಲ್ಲುಹವಳ ಸಾಕುವ ದೇಶಗಳಲ್ಲಿ. ಅಕ್ರೊಪೋರ ಅಲೆ ಒಡೆಯುವ ಜಾಗದ ತೆಳುನೀರಿನಲ್ಲಿ ಬೆಳೆಯುವ ಹವಳ, ಅದಕ್ಕೆ ಅಷ್ಟು ಬೆಳಕು ಬೇಕಾದದ್ದೇ. ಮೆದುಹವಳ, ಅಣಬೆ ಹವಳಗಳಿಗೆ 50ರಿಂದ 150 ಪಾರ್ ಧಾರಾಳ ಸಾಕು. ಅಣಬೆ ಹವಳ ಅದಕ್ಕಿಂತಲೂ ಕಡಿಮೆಯಲ್ಲಿ ನೆಮ್ಮದಿಯಾಗಿರುತ್ತದೆ. ನಾವು ಸಾಕಬಾರದ ಹವಳಕ್ಕೆ ಬೇಕಾದ ದೀಪವನ್ನು ನಾವು ಸಾಕುವ ಹವಳದ ಮೇಲೆ ಏಕೆ ಹಾಕಬೇಕು?

ಜಾಸ್ತಿಯಾದರೆ ನಷ್ಟವೇನು, ಬೆಳವಣಿಗೆಯೇ ಬೇಗ ಆಗುತ್ತದಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಪಾಚಿಯ ಊಟಕ್ಕೆ ಒಂದು ಮಿತಿಯಿದೆ. ಬೆಳಕು ಏರಿದಂತೆ ದ್ಯುತಿಸಂಶ್ಲೇಷಣೆ ಏರುತ್ತದೆ, ಒಂದು ಹಂತದಲ್ಲಿ ಸಮತಟ್ಟಾಗುತ್ತದೆ, ಅದನ್ನೂ ಮೀರಿದರೆ ಇಳಿಯತೊಡಗುತ್ತದೆ. ಹಿಡಿದ ಶಕ್ತಿಯನ್ನು ಸಕ್ಕರೆಯಾಗಿ ಮಾರ್ಪಡಿಸಲು ಆಗದಿದ್ದಾಗ ಅದು ಕೋಶಕ್ಕೆ ವಿಷವಾಗುವ ಆಮ್ಲಜನಕದ ಉಗ್ರ ರೂಪಗಳಾಗಿ ಹೊರಳುತ್ತದೆ. ಆಗ ಹವಳ ತನ್ನೊಳಗಿನ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನೀರು ಬಿಸಿಯಾಗಿದ್ದಾಗ ಈ ಮಿತಿ ಇನ್ನೂ ಕೆಳಗಿಳಿಯುತ್ತದೆ ಎಂಬುದು ಯಾದಗಿರಿಯವರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ. 27 ಡಿಗ್ರಿಯಲ್ಲಿ ಸುಖವಾಗಿ ಹೀರಿಕೊಂಡ ಬೆಳಕೇ 30 ಡಿಗ್ರಿ ದಾಟಿದಾಗ ಹೊರೆಯಾಗುತ್ತದೆ. ಇದಕ್ಕೆ ಪ್ರಯೋಗಾಲಯದ ಸಾಕ್ಷಿಯ ಜೊತೆ ಕಡಲಿನ ಸಾಕ್ಷಿಯೂ ಇದೆ. 1998ರಲ್ಲಿ, ಮತ್ತೆ 2010, 2016ರಲ್ಲಿ, ಕೊನೆಗೆ 2024ರಲ್ಲಿ ಲಕ್ಷದ್ವೀಪದ ಹವಳ ಬಿಳಿಚಿದ್ದು ನೀರಿನ ಉಷ್ಣಾಂಶ ವಾಡಿಕೆಯ ಬೇಸಿಗೆಗಿಂತ ಒಂದೆರಡು ಡಿಗ್ರಿ ಏರಿ ವಾರಗಟ್ಟಲೆ ಹಾಗೇ ನಿಂತಾಗ. ಇಂಥ ದಿನಗಳಲ್ಲಿ ಗಾಳಿಯಿಲ್ಲದ ನಿಶ್ಚಲ ಕಡಲು, ಮೋಡವಿಲ್ಲದ ಆಕಾಶ ಸೇರಿದರೆ ಹಾನಿ ಹೆಚ್ಚುತ್ತದೆ, ನೆರಳಿನಲ್ಲಿರುವ ಹವಳ ಹೆಚ್ಚು ಉಳಿಯುತ್ತದೆ. ಬೇಸಿಗೆಯ ಯಾದಗಿರಿಯ ಮನೆಯಲ್ಲಿ ಪ್ರಖರ ದೀಪ ಹಚ್ಚುವವರು ಲಕ್ಷದ್ವೀಪಕ್ಕೆ ಬಂದ ಕಷ್ಟವನ್ನು ಗಾಜಿನೊಳಗೆ ತಾವೇ ಮರುಸೃಷ್ಟಿ ಮಾಡುತ್ತಾರೆ.

ಶಾಖದ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಮಾಡಬೇಕು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 180 ಲೀಟರ್ ನೀರು ಹಿಡಿಯುತ್ತದೆ. ಅಷ್ಟು ಉಪ್ಪುನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 740 ಕಿಲೊಜೂಲ್ ಶಾಖ ಸಾಕು. 100 ವ್ಯಾಟಿನ ದೀಪ ದಿನಕ್ಕೆ 8 ಗಂಟೆ ಉರಿದರೆ 2,880 ಕಿಲೊಜೂಲ್ ಬಿಡುತ್ತದೆ. ಅದಿಷ್ಟೂ ನೀರಿಗೇ ಇಳಿದು ಎಲ್ಲಿಯೂ ಹೊರಹೋಗದಿದ್ದರೆ ನೀರು ಸುಮಾರು ನಾಲ್ಕು ಡಿಗ್ರಿ ಏರುತ್ತದೆ. 250 ವ್ಯಾಟಿನ ಮೆಟಲ್ ಹ್ಯಾಲೈಡಾದರೆ ಒಂಬತ್ತೂವರೆ ಡಿಗ್ರಿಗೂ ಹೆಚ್ಚು. ನಿಜಜೀವನದಲ್ಲಿ ಒಂದಷ್ಟು ಶಾಖ ಕೋಣೆಯ ಗಾಳಿಗೆ ಹೋಗುತ್ತದೆ ನಿಜ. ಆದರೆ ಕೋಣೆಯೇ 38 ಡಿಗ್ರಿ ಇದ್ದಾಗ ಗಾಳಿ ನೀರಿನಿಂದ ಶಾಖ ಒಯ್ಯುವುದಿಲ್ಲ, ತಾನೇ ತಂದು ಸುರಿಯುತ್ತದೆ. ಶಾಖಕ್ಕೆ ದೀಪವೊಂದೇ ಕಾರಣವಲ್ಲ ಎಂಬ ಮಾತನ್ನೂ ಒಪ್ಪಬೇಕು. ಹಗಲೂ ರಾತ್ರಿ ಓಡುವ 40 ವ್ಯಾಟಿನ ಪಂಪು ದಿನಕ್ಕೆ 3,450 ಕಿಲೊಜೂಲಿನಷ್ಟು ಶಾಖ ಬಿಡುತ್ತದೆ, ಅಂದರೆ 100 ವ್ಯಾಟಿನ ದೀಪಕ್ಕಿಂತ ಹೆಚ್ಚು. ಆದರೆ ಪಂಪು ನಿಂತರೆ ಹವಳ ಉಸಿರುಗಟ್ಟುತ್ತದೆ, ಅಲ್ಲಿ ಹೆಚ್ಚು ಉಳಿಸಲಾಗದು. ಉಳಿಸಲು ಅವಕಾಶವಿರುವುದು ದೀಪದಲ್ಲಿ.

ಈ ಶಾಖ ಹೊರಹೋಗುವ ದಾರಿ ಆವಿ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೊಜೂಲ್ ಶಾಖ ಹೊತ್ತೊಯ್ಯುತ್ತದೆ. 180 ಲೀಟರಿನ ತೊಟ್ಟಿಗೆ ಅದು ಮೂರು ಡಿಗ್ರಿಗೂ ಮಿಕ್ಕಿದ ತಂಪು. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಹಾಯಿಸಿದರೆ ಆಗುವುದು ಇದೇ, ಈ ಸೀಮೆಯ ಮನೆಮನೆಯ ಕಿಟಕಿಯಲ್ಲಿ ಕೂಲರ್ ಮಾಡುವ ಕೆಲಸ. ಇಲ್ಲಿ ಬಿಸಿಲು ನಾಡಿಗೆ ಕರಾವಳಿಗಿಲ್ಲದ ಒಂದು ಅನುಕೂಲವಿದೆ. ಆವಿಯಿಂದ ನೀರು ಎಷ್ಟು ತಣ್ಣಗಾಗಬಹುದು ಎಂಬುದಕ್ಕೆ ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರು ತೋರಿಸುವ ಉಷ್ಣಾಂಶವೇ ತಳಮಿತಿ. 42 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇಕಡಾ 20ರಷ್ಟು ತೇವ ಇರುವ ಮೇ ಮಧ್ಯಾಹ್ನ ಆ ಮಿತಿ 24 ಡಿಗ್ರಿಯ ಆಸುಪಾಸು. 34 ಡಿಗ್ರಿ, ಶೇಕಡಾ 70ರಷ್ಟು ತೇವ ಇರುವ ಮಂಗಳೂರಿನಲ್ಲಿ ಅದು 29. ಹವಳದ ತೊಟ್ಟಿಗೆ ಫ್ಯಾನಿನ ತಂಪು ಸಮುದ್ರದ ದಂಡೆಗಿಂತ ಸುರಪುರದ ಗುಡ್ಡದ ಮೇಲೆ ಹೆಚ್ಚು ದಕ್ಕುತ್ತದೆ. ಆದರೆ ತೊಟ್ಟಿಯ ನೀರು ಆ ಮಿತಿಯನ್ನು ಮುಟ್ಟುವುದಿಲ್ಲ, ಅದಕ್ಕಿಂತ ಎರಡು ಮೂರು ಡಿಗ್ರಿ ಮೇಲೇ ನಿಲ್ಲುತ್ತದೆ. ನಮಗೆ ಬೇಕಾದದ್ದು 27. ಅಂದರೆ ಉಳಿದಿರುವ ಎಡೆ ತೀರ ಕಿರಿದು, ದೀಪದ ಒಂದೊಂದು ವ್ಯಾಟೂ ಆ ಎಡೆಯನ್ನು ತಿನ್ನುತ್ತದೆ. ಅದೇ ಕೋಣೆಯಲ್ಲಿ ಕೂಲರ್ ಓಡುತ್ತಿದ್ದರೆ ಗಾಳಿ ತೇವವಾಗಿ ಫ್ಯಾನಿನ ಶಕ್ತಿ ಕುಗ್ಗುತ್ತದೆ. ಈ ಲೆಕ್ಕದ ಪ್ರಕಾರ ವರ್ಷದಲ್ಲಿ ಕಷ್ಟದ ತಿಂಗಳು ಮೇ ಅಲ್ಲ, ಮಳೆಗೆ ಮುಂಚಿನ ಜಿಗುಟು ಸೆಕೆಯ ಜೂನ್: 36 ಡಿಗ್ರಿ, ಶೇಕಡಾ 50ರಷ್ಟು ತೇವ ಇದ್ದರೆ ತಳಮಿತಿಯೇ 27ಕ್ಕೆ ಏರಿರುತ್ತದೆ. ಆ ದಿನಗಳಲ್ಲಿ ದೀಪದ ಅವಧಿಯನ್ನು 8ರಿಂದ 5 ಗಂಟೆಗೆ ಇಳಿಸುವುದು ಒಳ್ಳೆಯದು. ಕೆಲವು ವಾರ ಕಡಿಮೆ ಬೆಳಕಿನಿಂದ ಮೆದುಹವಳ ಸಾಯುವುದಿಲ್ಲ; ಕೆಲವು ದಿನ 32 ಡಿಗ್ರಿ ನೀರಿನಿಂದ ಸಾಯಬಹುದು.

ಆವಿಯಾದ ನೀರನ್ನು ಮತ್ತೆ ತುಂಬಬೇಕು, ಉಪ್ಪು ಆವಿಯಾಗುವುದಿಲ್ಲವಾದ್ದರಿಂದ ಸಿಹಿನೀರನ್ನೇ ತುಂಬಬೇಕು. ಯಾದಗಿರಿ ಜಿಲ್ಲೆಯ ಬೋರ್‌ವೆಲ್ ನೀರು ಇದಕ್ಕೆ ಆಗುವುದಿಲ್ಲ. ಹಲವು ಹಳ್ಳಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ, ಸುರಪುರದ ಕಡೆಯ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಸಿಕ್ಕದ್ದು ದಾಖಲಾಗಿದೆ. ಇಂಥ ನೀರನ್ನು ದಿನಾ ತುಂಬುತ್ತಾ ಹೋದರೆ ನೀರು ಹಾರಿಹೋಗಿ ಕಲ್ಮಶ ಮಾತ್ರ ತೊಟ್ಟಿಯಲ್ಲಿ ಕೂಡಿಕೊಳ್ಳುತ್ತದೆ. ಆರ್‌ಒ ಯಂತ್ರದ ನೀರೇ ಬೇಕು, ಆ ಯಂತ್ರ ಒಂದು ಲೀಟರ್ ಒಳ್ಳೆಯ ನೀರಿಗೆ ಎರಡು ಮೂರು ಲೀಟರ್ ಚೆಲ್ಲುತ್ತದೆ. ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುವ ಊರಿನಲ್ಲಿ ಇದು ಚಿಕ್ಕ ಮಾತಲ್ಲ. ಚೆಲ್ಲುವ ನೀರನ್ನು ಪಾತ್ರೆ ತೊಳೆಯಲು, ನೆಲ ಒರೆಸಲು ಹಿಡಿದಿಡುವ ಏರ್ಪಾಡು ಇಲ್ಲದವರು ಈ ಹವ್ಯಾಸಕ್ಕೆ ಇಳಿಯಬಾರದು ಎಂದು ನೇರವಾಗಿಯೇ ಹೇಳುತ್ತೇನೆ. ದೀಪ ಕಡಿಮೆಯಾದಷ್ಟೂ ಆವಿಯಾಗಬೇಕಾದ ನೀರೂ ಕಡಿಮೆ ಎಂಬುದು ನನ್ನ ವಾದಕ್ಕೆ ಸಿಗುವ ಇನ್ನೊಂದು ಬಲ.

ಈಗ ಕೊಳ್ಳುವ ಮಾತು. ಟ್ಯೂಬ್‌ಲೈಟುಗಳಲ್ಲಿ ಹಳೆಯ ದಪ್ಪ ಕೊಳವೆ ಟಿ12, ಸುಮಾರು 38 ಮಿಲಿಮೀಟರ್ ದಪ್ಪ. ಅದಕ್ಕಿಂತ ತೆಳುವಾದದ್ದು 26 ಮಿಲಿಮೀಟರಿನ ಟಿ8. ಹವಳಕ್ಕೆ ಆಗಿಬರುವುದು 16 ಮಿಲಿಮೀಟರಿನ ಟಿ5. ಕೊಳವೆ ತೆಳುವಾದಷ್ಟೂ ಅದರ ಹಿಂದೆ ಬಾಗಿದ ಕನ್ನಡಿಯಂಥ ರಿಫ್ಲೆಕ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ, ಮೇಲಕ್ಕೆ ಹೋದ ಬೆಳಕನ್ನು ಮತ್ತೆ ಕೊಳವೆಗೇ ಹೊಡೆಯದೆ ನೀರಿಗೆ ಇಳಿಸುತ್ತದೆ. ಆದ್ದರಿಂದ ಕೊಳವೆ ಕೂರಿಸುವ ಪಟ್ಟಿ ಕೊಳ್ಳುವಾಗ ಮೊದಲು ನೋಡಬೇಕಾದದ್ದು ವ್ಯಾಟನ್ನಲ್ಲ, ಪ್ರತಿ ಕೊಳವೆಗೂ ಬೇರೆ ಬೇರೆ ರಿಫ್ಲೆಕ್ಟರ್ ಇದೆಯೇ ಎಂಬುದನ್ನು. ನಾಲ್ಕು ಕೊಳವೆಗೆ ಒಂದೇ ಚಪ್ಪಟೆ ತಗಡು ಹಾಕಿದ ಪಟ್ಟಿಗಿಂತ ಒಳ್ಳೆಯ ರಿಫ್ಲೆಕ್ಟರಿನ ಮೂರು ಕೊಳವೆಗಳು ಮೇಲು. ಟಿ5ರಲ್ಲೂ ಎರಡು ಬಗೆಯಿವೆ. ಮನೆಗೆ ಬಳಸುವ ನಾಲ್ಕಡಿಯ ಕೊಳವೆ 28 ವ್ಯಾಟಿನದು, ಹೆಚ್ಚು ಬೆಳಕಿನ ಬಗೆಯದು 54 ವ್ಯಾಟಿನದು. ಮೂರಡಿ ತೊಟ್ಟಿಗೆ ಈ ಎರಡನೇ ಬಗೆಯ 39 ವ್ಯಾಟಿನ, ಸುಮಾರು 85 ಸೆಂಟಿಮೀಟರ್ ಉದ್ದದ ಕೊಳವೆ ಕೂರುತ್ತದೆ. ಮೂರು ಕೊಳವೆಗೆ 117 ವ್ಯಾಟ್. ಅವುಗಳಲ್ಲಿ ಎರಡು ನೀಲಿ, 420ರಿಂದ 460 ನ್ಯಾನೋಮೀಟರಿನ ಸುತ್ತ ಬೆಳಗುವವು, ‘ಆ್ಯಕ್ಟಿನಿಕ್’ ಅಥವಾ ‘ಬ್ಲೂ’ ಎಂದು ಮಾರುವವು. ಒಂದು 10,000 ಕೆಲ್ವಿನ್ ಸುಮಾರಿನ ಬಿಳಿ. ಬಿಳಿ ಕೊಳವೆ ನಮ್ಮ ಕಣ್ಣಿಗೆ, ನೀಲಿ ಎರಡು ಹವಳಕ್ಕೆ. ಅಷ್ಟರಿಂದ ಒಂದೂವರೆ ಅಡಿ ಆಳದ ತೊಟ್ಟಿಯ ನಡುನೀರಿನಲ್ಲಿ ಮೆದುಹವಳಕ್ಕೆ ಬೇಕಾದ ಬೆಳಕು ಸಿಗುತ್ತದೆ. ತಳದಲ್ಲಿ ಸಾಲದು ಅನಿಸಿದರೆ ನಾಲ್ಕನೇ ಕೊಳವೆ ತರುವ ಮೊದಲು ಹವಳವನ್ನೇ ಒಂದು ಗೇಣು ಮೇಲಕ್ಕೆ ಕೂರಿಸಿ ನೋಡಬೇಕು. ಕಲ್ಲಿನ ಜೋಡಣೆಗೆ ಕರೆಂಟು ಬೇಕಿಲ್ಲ. ಅದಕ್ಕೆ ಸುಲಭವಾಗಿ ಸಿಗುತ್ತದೆಂದು ಶಹಾಬಾದ್ ಕಲ್ಲು ಬಳಸಬೇಡಿ. ಭೀಮಾ ಕಣಿವೆಯ ಈ ಸುಣ್ಣಕಲ್ಲು ಪ್ರಾಚೀನ ಸಮುದ್ರವೊಂದರ ತಳದಲ್ಲೇ ಕೂಡಿಕೊಂಡದ್ದು, ಹವಳಗಳು ಭೂಮಿಗೆ ಬರುವುದಕ್ಕಿಂತ ಕೋಟ್ಯಂತರ ವರ್ಷ ಮೊದಲು. ಆದರೆ ಅದರಲ್ಲಿ ಬೇರೆ ಖನಿಜಗಳೂ ಸೇರಿರುತ್ತವೆ, ಶಹಾಪುರ ತಾಲ್ಲೂಕಿನ ಗೋಗಿಯಲ್ಲಂತೂ ಇದೇ ಬಗೆಯ ಪದರದಲ್ಲಿ ಯುರೇನಿಯಂ ಸಿಕ್ಕಿದೆ. ಅಕ್ವೇರಿಯಂಗೆಂದೇ ಸುಟ್ಟು ಮಾಡಿದ ಸೆರಾಮಿಕ್ ಕಲ್ಲು ಮೇಲು.

ಟಿ5ಗೆ ಇನ್ನೊಂದು ಗುಣವಿದೆ, ಅದು ಈ ಸೀಮೆಗೆ ಅನುಕೂಲವೂ ಹೌದು, ಎಚ್ಚರಿಕೆಯೂ ಹೌದು. ಹಳೆಯ ಕೊಳವೆಗಳು ಸುತ್ತಲಿನ ಗಾಳಿ 25 ಡಿಗ್ರಿ ಇದ್ದಾಗ ಅತಿ ಹೆಚ್ಚು ಬೆಳಗುವಂತೆ ರಚಿತವಾಗಿದ್ದರೆ ಟಿ5 ಹಾಗೆ ಬೆಳಗುವುದು 35 ಡಿಗ್ರಿಯಲ್ಲಿ. ನಮ್ಮ ಕೋಣೆಗೆ ಇದು ಹತ್ತಿರ. ಆದರೆ ಮುಚ್ಚಿದ ಮರದ ಡಬ್ಬಿಯೊಳಗೆ ಪಟ್ಟಿ ಕೂರಿಸಿದರೆ ಒಳಗಿನ ಗಾಳಿ 50 ಡಿಗ್ರಿ ದಾಟಿ ಬೆಳಕು ಇಳಿಯುತ್ತದೆ, ಕೊಳವೆಯ ಆಯುಸ್ಸೂ ಕುಗ್ಗುತ್ತದೆ. ಆದ್ದರಿಂದ ಚೆಂದಕ್ಕೆಂದು ಮಾಡಿಸುವ ಮುಚ್ಚಳದ ಡಬ್ಬಿ ಬೇಡ. ಪಟ್ಟಿಯನ್ನು ನೀರಿನಿಂದ ಏಳೆಂಟು ಅಂಗುಲ ಮೇಲೆ ತೆರೆದ ಗಾಳಿಯಲ್ಲಿ ತೂಗುಹಾಕಬೇಕು, ಆ ನಡುವಿನ ಜಾಗದಲ್ಲಿ ಫ್ಯಾನಿನ ಗಾಳಿ ಹಾಯಬೇಕು.

ಯಾದಗಿರಿಯಲ್ಲಿ ಬಿಸಿಲಿಗೇನು ಬರ, ಕಿಟಕಿಯ ಪಕ್ಕ ತೊಟ್ಟಿ ಇಟ್ಟರೆ ದೀಪದ ಖರ್ಚೇ ಇಲ್ಲವಲ್ಲ ಎಂಬ ಪ್ರಶ್ನೆ ಸಹಜ. ಬಿಸಿಲಿನ ಶಕ್ತಿಯಲ್ಲಿ ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣ, ಪಾಚಿಗೆ ಅದರಿಂದ ಕವಡೆಯ ಉಪಯೋಗವಿಲ್ಲ, ನೀರು ಮಾತ್ರ ಕಾಯುತ್ತದೆ. ಕಾಣುವ ಬೆಳಕಿನಲ್ಲೂ ಹವಳ ಕೇಳುವ ನೀಲಿಗಿಂತ ಗಾಜಿಗೆ ಅಂಟುವ ಹಸಿರು ಪಾಚಿ ಕೇಳುವ ಬೆಳಕು ಧಾರಾಳ. ಜೊತೆಗೆ ಕಿಟಕಿಯ ಬಿಸಿಲು ಒಂದು ಬದಿಯಿಂದ ಬರುತ್ತದೆ, ಋತು ಬದಲಾದಂತೆ ಜಾಗ ಬದಲಿಸುತ್ತದೆ. ತೊಟ್ಟಿಯನ್ನು ನೇರ ಬಿಸಿಲು ಬೀಳದ, ಮನೆಯ ಅತಿ ತಂಪಾದ ಗೋಡೆಯ ಬಳಿ ಇಡುವುದೇ ಸರಿ. ಕಲ್ಲಿನ ದಪ್ಪ ಗೋಡೆಯ ಹಳೆಯ ಮನೆಗಳು ಇಲ್ಲಿ ಆರ್‌ಸಿಸಿ ಮನೆಗಳಿಗಿಂತ ಎಷ್ಟೋ ಅನುಕೂಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಎಲ್‌ಇಡಿಯದು. ಊರೆಲ್ಲ ಎಲ್‌ಇಡಿ ಆಗಿರುವಾಗ ಟ್ಯೂಬ್‌ಲೈಟಿನ ಮಾತೇಕೆ? ಈ ಆಕ್ಷೇಪದ ಬಹುಪಾಲನ್ನು ನಾನು ಒಪ್ಪುತ್ತೇನೆ. ಅದೇ ಪಾರ್‌ಗೆ ಎಲ್‌ಇಡಿ ಕಡಿಮೆ ವಿದ್ಯುತ್ ತಿನ್ನುತ್ತದೆ, ಅದರ ಶಾಖ ಹೆಚ್ಚಾಗಿ ಹಿಂಬದಿಯ ಲೋಹದ ರೆಕ್ಕೆಗಳಿಂದ ಮೇಲಕ್ಕೆ ಹೋಗುತ್ತದೆ, ಮಂದ ಮಾಡಲೂ ಬರುತ್ತದೆ. ಇದಕ್ಕಿಂತ ದೊಡ್ಡ ಕಾರಣ ಪಾದರಸ. ಜಪಾನಿನ ಮಿನಮಾಟ ಕೊಲ್ಲಿಗೆ ಕಾರ್ಖಾನೆಯೊಂದು ಬಿಟ್ಟ ಪಾದರಸ ಮೀನಿನ ಮೂಲಕ ಜನರ ಮೈ ಸೇರಿ ನರಗಳನ್ನು ಹಾಳುಗೆಡವಿದ್ದು 1956ರಲ್ಲಿ ಬೆಳಕಿಗೆ ಬಂತು. ಅದೇ ಊರಿನ ಹೆಸರಿನ ಅಂತಾರಾಷ್ಟ್ರೀಯ ಒಪ್ಪಂದ 2013ರಲ್ಲಾಯಿತು, ಭಾರತ 2018ರಲ್ಲಿ ಅದನ್ನು ಅಂಗೀಕರಿಸಿತು. 2023ರಲ್ಲಿ ಜಿನೀವಾದಲ್ಲಿ ಸೇರಿದ ಸದಸ್ಯ ದೇಶಗಳು ಸಾಮಾನ್ಯ ಬೆಳಕಿಗೆ ಬಳಸುವ ಉದ್ದ ಟ್ಯೂಬ್‌ಲೈಟುಗಳ ತಯಾರಿಕೆ, ಆಮದು, ರಫ್ತನ್ನು 2027ರೊಳಗೆ ನಿಲ್ಲಿಸಲು ಒಪ್ಪಿಕೊಂಡವು. ಹವಳದ ಕೊಳವೆಗಳು ವಿಶೇಷ ಬಗೆಯವಾದರೂ ಮನೆಯ ಕೊಳವೆಯ ಕಾರ್ಖಾನೆಗಳು ಮುಚ್ಚಿದರೆ ಇವು ಮಾತ್ರ ಎಷ್ಟು ದಿನ ಸಿಕ್ಕಾವು? ಕಡಲನ್ನು ಪ್ರೀತಿಸುವವರು ಕಡಲಿಗೇ ಹಾನಿ ಮಾಡಿದ ಲೋಹದ ಬಳಕೆ ನಿಲ್ಲುವುದನ್ನು ಸ್ವಾಗತಿಸಬೇಕು.

ಹೀಗಿದ್ದೂ ಟ್ಯೂಬಿನ ಲೆಕ್ಕ ತಿಳಿಯದೆ ಎಲ್‌ಇಡಿ ಕೊಂಡರೆ ಕಷ್ಟವಿದೆ. ಕೊಳವೆ ಉದ್ದಕ್ಕೂ ಬೆಳಗುವುದರಿಂದ ಅದರ ಬೆಳಕು ತೊಟ್ಟಿಯ ತುಂಬ ಸಮನಾಗಿ ಹರಡುತ್ತದೆ, ಹವಳದ ಬದಿಗಳಿಗೂ ತಲಪುತ್ತದೆ. ಎಲ್‌ಇಡಿ ಒಂದು ಚುಕ್ಕಿಯಿಂದ ಹೊರಟು ಲೆನ್ಸಿನ ಮೂಲಕ ಇಳಿಯುತ್ತದೆ. ಅದರ ನಡುವಿನ ಜಾಗದಲ್ಲಿ ಪಾರ್ 300 ಇದ್ದರೆ ಒಂದಡಿ ಆಚೆ 60 ಇರಬಹುದು. ನೀಲಿ ಎಲ್‌ಇಡಿ ನಮ್ಮ ಕಣ್ಣಿಗೆ ಮಂದವಾಗಿಯೇ ಕಾಣುವುದರಿಂದ ಮಾಲೀಕರು ಅದನ್ನು ಏರಿಸುತ್ತಾ ಹೋಗುತ್ತಾರೆ, ಹವಳ ಬಿಳಿಚಿದ ಮೇಲೆಯೇ ತಪ್ಪು ಗೊತ್ತಾಗುವುದು. ಆದ್ದರಿಂದ ನನ್ನ ನಿಲುವು ಹೀಗಿದೆ: ಟಿ5 ಪಟ್ಟಿ ಈಗಾಗಲೇ ಇರುವವರು, ಅಥವಾ ಕಡಿಮೆ ಬೆಲೆಗೆ ಒಳ್ಳೆಯ ರಿಫ್ಲೆಕ್ಟರಿನ ಹಳೆಯ ಪಟ್ಟಿ ಸಿಕ್ಕವರು, ಕೊಳವೆ ಸಿಗುವವರೆಗೂ ನಿಶ್ಚಿಂತೆಯಿಂದ ಬಳಸಲಿ. ಪೂರ್ತಿ ಹೊಸದಾಗಿ ಕೊಳ್ಳುವವರು ಲೆನ್ಸಿಲ್ಲದ ಉದ್ದ ಪಟ್ಟಿಯ, ಮಂದ ಮಾಡಬಲ್ಲ ಎಲ್‌ಇಡಿ ತೆಗೆದುಕೊಂಡು, ಮೂರು ಟಿ5 ಕೊಳವೆ ಕೊಡುವಷ್ಟು ಬೆಳಕಿಗೇ ಅದನ್ನು ನಿಲ್ಲಿಸಲಿ. ಎರಡಕ್ಕೂ ಒಂದೇ ಅಳತೆ, ಪಾರ್ 100ರ ಸುತ್ತ.

ಕರೆಂಟಿನ ವಿಷಯ ಉಳಿಯಿತು. ಹಳೆಯ ಕಬ್ಬಿಣದ ಚೋಕು, ಸ್ಟಾರ್ಟರ್ ಇರುವ ಪಟ್ಟಿ ವೋಲ್ಟೇಜ್ ಇಳಿದಾಗ ಮಿಣಮಿಣ ಎನ್ನುತ್ತದೆ, ಕೊಳವೆಯ ತುದಿ ಕಪ್ಪಾಗುತ್ತದೆ, ಚೋಕು ತಾನೇ ಹತ್ತು ಹನ್ನೆರಡು ವ್ಯಾಟ್ ಶಾಖವಾಗಿ ಉರಿಸುತ್ತದೆ. ಎಲೆಕ್ಟ್ರಾನಿಕ್ ಚೋಕಿಗೆ ಈ ತೊಂದರೆಗಳು ಕಡಿಮೆ. ಹೆಚ್ಚು ಬೆಳಕಿನ ಟಿ5ಗೆ ಅದೇ ಬೇಕು. ಕರೆಂಟ್ ಹೋದಾಗ ಬಹಳ ಜನ ಮೊದಲು ದೀಪದ ಬಗ್ಗೆ ಗಾಬರಿಯಾಗುತ್ತಾರೆ. ದೀಪ ಒಂದೆರಡು ದಿನ ಇಲ್ಲದಿದ್ದರೂ ಹವಳಕ್ಕೆ ಏನೂ ಆಗುವುದಿಲ್ಲ, ಕಡಲಲ್ಲೂ ಮೋಡ ಕವಿಯುತ್ತದೆ. ನೀರು ತಿರುಗುವುದು ನಿಂತರೆ ಮಾತ್ರ ಬೇಸಿಗೆಯ ಬಿಸಿನೀರಿನಲ್ಲಿ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಇನ್ವರ್ಟರ್ ತಂತಿಯನ್ನು ಪಂಪಿಗೆ, ಫ್ಯಾನಿಗೆ ಎಳೆಯಬೇಕು, ದೀಪಕ್ಕಲ್ಲ. ದೀಪದ ವೇಳೆಯನ್ನೂ ಹಗಲಿಗೆ ಕಟ್ಟಿಹಾಕಬೇಕಿಲ್ಲ. ಸಂಜೆ 6ರಿಂದ ರಾತ್ರಿ 2ರವರೆಗೆ ಟೈಮರ್ ಇಟ್ಟರೆ ಹೊರಗಿನ ಗಾಳಿ ಇಳಿಯುತ್ತಿರುವ ಹೊತ್ತಿನಲ್ಲಿ ದೀಪದ ಶಾಖ ಬೀಳುತ್ತದೆ, ಮಧ್ಯಾಹ್ನದ ಕಾವಿನ ಮೇಲೆ ಅದು ಸೇರುವುದಿಲ್ಲ, ಮನೆಯವರು ಕೆಲಸದಿಂದ ಬಂದ ಮೇಲೆ ನೋಡಲೂ ಸಿಗುತ್ತದೆ. ಹವಳಕ್ಕೆ ನಮ್ಮ ಗಡಿಯಾರದ ಹಂಗಿಲ್ಲ. ದಿನಾ ಒಂದೇ ವೇಳೆ, ಒಂದೇ ಅವಧಿ ಇದ್ದರೆ ಸಾಕು.

ಉಪ್ಪುನೀರು ಎಲ್ಲಿ ಚಿಮ್ಮಿದರೂ ಬಿಳಿ ಪುಡಿಯಾಗಿ ತೆವಳುತ್ತದೆ, ಕೊಳವೆಯ ತುದಿಯ ಪಿನ್ನುಗಳಿಗೆ ತುಕ್ಕು ಹಿಡಿಸುತ್ತದೆ, ವಿದ್ಯುತ್ ಹರಿಯಲು ದಾರಿ ಮಾಡಿಕೊಡುತ್ತದೆ. ಆದ್ದರಿಂದ ನೀರು ಹೊಗದ ಹೋಲ್ಡರ್, ಸರಿಯಾದ ಅರ್ಥಿಂಗ್, ಸೋರಿಕೆ 30 ಮಿಲಿಆಂಪ್ ಮುಟ್ಟಿದರೆ ವಿದ್ಯುತ್ ಕಡಿತಗೊಳಿಸುವ ಆರ್‌ಸಿಸಿಬಿ ಸ್ವಿಚ್ಚು ಇಲ್ಲದೆ ಉಪ್ಪುನೀರಿನ ಮೇಲೆ ದೀಪ ತೂಗುಹಾಕಲೇಬಾರದು. ದೀಪಕ್ಕೆ ಖರ್ಚು ಮಾಡುವ ಮೊದಲ ಹಣ ಇದಕ್ಕೇ ಹೋಗಲಿ. ಕೊಳವೆ ಕಣ್ಣಿಗೆ ಚೆನ್ನಾಗಿಯೇ ಉರಿಯುತ್ತಿದ್ದರೂ ಒಳಗಿನ ಪುಡಿ ಸವೆದು ಅದರ ನೀಲಿ ಕುಗ್ಗುತ್ತದೆ, ಹಾಗಾಗಿ 9ರಿಂದ 12 ತಿಂಗಳಿಗೊಮ್ಮೆ ಬದಲಿಸಬೇಕು. ಮೂರನ್ನೂ ಒಂದೇ ದಿನ ಬದಲಿಸಿದರೆ ಹಳೆಯ ಮಂದ ಬೆಳಕಿಗೆ ಒಗ್ಗಿದ ಹವಳ ಬಿಳಿಚಬಹುದು. ತಿಂಗಳಿಗೆ ಒಂದರಂತೆ ಬದಲಿಸಿ, ಬಿಸಿಲು ಇಳಿದ ನವೆಂಬರಿನಲ್ಲಿ ಶುರು ಮಾಡುವುದು ಒಳ್ಳೆಯದು. ತೆಗೆದ ಕೊಳವೆಯನ್ನು ಒಡೆಯದೆ, ಬಂದ ಪೆಟ್ಟಿಗೆಯಲ್ಲೇ ಇಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು, ಪಾದರಸದ ದೀಪಗಳು 2016ರ ನಿಯಮಗಳಿಂದಲೇ ಇ-ತ್ಯಾಜ್ಯದ ಪಟ್ಟಿಯಲ್ಲಿವೆ. ಹತ್ತಿರದಲ್ಲಿ ಅಂಥವರು ಇಲ್ಲದಿದ್ದರೆ ಹೊಸ ಕೊಳವೆ ತರಿಸುವ ಕಲಬುರಗಿ ಅಥವಾ ಹೈದರಾಬಾದಿನ ಅಂಗಡಿಯವರು ಹಳೆಯದನ್ನು ಹಿಂದಕ್ಕೆ ಪಡೆಯುತ್ತಾರೆಯೇ ಎಂದು ಕೊಳ್ಳುವ ಮೊದಲೇ ಕೇಳಿ, ಒಪ್ಪಿದವರ ಬಳಿ ಮಾತ್ರ ವ್ಯವಹಾರ ಮಾಡಬೇಕು.